ಕ್ಲಬ್ಬಿನ ಬಾಗಿಲಲ್ಲಿ ಮೂರು ತೆಂಗಿನಕಾಯಿ

ಕಳೆದ ಶನಿವಾರ ಸಂಜೆ ಲಂಡನ್ನಿನ ಕ್ಲಬ್ಬೊಂದರ ಬಾಗಿಲು ಕಾಯುವ ಬೌನ್ಸರ್ ಒಬ್ಬ ನನ್ನ ಹ್ಯಾಂಡ್‌ಬ್ಯಾಗಿಗೆ ಕೈಹಾಕಿ ತೆಂಗಿನಕಾಯಿ ಹೊರಗೆ ತೆಗೆದ.

ಅಂತಿಂಥ ಕಾಯಲ್ಲ. ಜುಟ್ಟಿರುವ, ಅರಿಶಿನ ಕುಂಕುಮ ಹಚ್ಚಿದ, ದಪ್ಪನೆಯ ಕಾಯಿ. ಅವನು ಅದನ್ನು ಬಲ್ಬಿನ ಬೆಳಕಿಗೆ ಹಿಡಿದು ಒಂದು ಸುತ್ತು ತಿರುಗಿಸಿ ನೋಡಿದ.

"ವಾಟ್ಸ್ ದಿಸ್?"

"ಕೋಕನಟ್."

"ಐ ಕ್ಯಾನ್ ಸೀ ದಟ್. ವೈ?"

ಈ 'ವೈ'ಗೆ ನೀವಾಗಿದ್ದರೆ ಏನು ಉತ್ತರ ಕೊಡ್ತಿದ್ದಿರಿ? ಇಂಗ್ಲಿಷಿನಲ್ಲಿ, ಚುಟುಕಾಗಿ, ಬೆನ್ನ ಹಿಂದೆ ಕ್ಯೂ ಗೊಣಗುತ್ತಿರುವಾಗ? ನಾನು ಇಂಗ್ಲಿಷ್ ಪದ ಹುಡುಕುತ್ತಿದ್ದೆ. ಅಷ್ಟರಲ್ಲಿ ಅವನು ನನ್ನ ಗೆಳತಿ ಮಾಗ್ದಾಳ ಬ್ಯಾಗು ತೆರೆದ. ಅಲ್ಲೂ ಒಂದು ಕಾಯಿ. ಇನ್ನೊಬ್ಬ ಗೆಳತಿ ಎಫುವಾಳ ಬ್ಯಾಗು ತೆರೆದ. ಅಲ್ಲೂ ಒಂದು. ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ನಮ್ಮ ಮುಖ ನೋಡತೊಡಗಿದ.

ಅವನಿಗೆ ಹೇಳಲಾಗದ್ದನ್ನು ನಿಮಗಾದರೂ ಹೇಳಬೇಕಲ್ಲ. ಲಂಡನ್ನಿಗೆ ಓದಲು ಹೋಗಿ ಬರೀ ಲೈಬ್ರರಿ, ಮಳೆ, ಅಸೈನ್‌ಮೆಂಟ್ ಅಂತ ಬರೀತೀರಲ್ಲ, ಸ್ವಲ್ಪವೂ ಮಜಾ ಮಾಡಲ್ವಾ ಅಂತ ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. (ಇನ್ನು ಕೆಲವರು ಮಜಾ ಮಾಡಬೇಡಿ ಅಂತ ಮೊದಲೇ ಬುದ್ಧಿ ಹೇಳಿದ್ದೀರಿ. ಇಬ್ಬರಿಗೂ ಇವತ್ತು ಉತ್ತರ ಇದೆ.) ಮಾಡ್ತೀನಿ ಸ್ವಾಮಿ, ಧಾರಾಳವಾಗಿ ಮಾಡ್ತೀನಿ. ಮೈಸೂರಿನ ಹಾಸ್ಟೆಲ್ಲಿನಲ್ಲಿ ಎಂಟು ಗಂಟೆಗೆ ಗೇಟು ಬೀಳುತ್ತಿದ್ದ ಹುಡುಗಿಗೆ ಇಲ್ಲಿ ಎಂಟು ಗಂಟೆಗೆ ಸೂರ್ಯ ಇನ್ನೂ ಮುಳುಗಲು ಮನಸ್ಸು ಮಾಡಿರುವುದಿಲ್ಲ. ಜೂನ್ ತಿಂಗಳು ಬೇರೆ. ಊರಿಗೆ ಊರೇ ಬೀದಿಯಲ್ಲಿರುತ್ತದೆ. ಪಬ್ಬಿನ ಮುಂದಿನ ಫುಟ್‌ಪಾತಿನಲ್ಲಿ ಗ್ಲಾಸು ಹಿಡಿದು ನಿಂತವರು, ಟ್ಯೂಬ್ ರೈಲಿನಲ್ಲಿ ನಿಂತಲ್ಲೇ ಕಾಜಲ್ ತೀಡುವವರು, ಹೈಹೀಲ್ಸ್ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆಯುವವರು. ನೋಡುತ್ತಿದ್ದರೆ ಸುಮ್ಮಸುಮ್ಮನೆ ಖುಷಿಯಾಗುತ್ತದೆ.

ಆದರೆ ಇಲ್ಲಿಗೆ ಬಂದ ಮೇಲೆ ಒಂದು ವಿಷಯ ಗೊತ್ತಾಯಿತು. ನೈಟ್ ಔಟ್ ಶುರುವಾಗುವುದು ಕ್ಲಬ್ಬಿನಲ್ಲಲ್ಲ, ಯಾರದಾದರೂ ರೂಮಿನ ಕನ್ನಡಿಯ ಮುಂದೆ. ನಾಲ್ಕು ಹುಡುಗಿಯರು, ಒಂದು ಕನ್ನಡಿ, ಒಂದು ಹೇರ್ ಸ್ಟ್ರೇಟ್ನರ್. ಇವಳ ಟಾಪು ಅವಳ ಮೈಮೇಲೆ, ಅವಳ ಜುಮುಕಿ ಇವಳ ಕಿವಿಯಲ್ಲಿ. ಹಾಡು, ನಗು, ಚಿಪ್ಸು, ಬಾತ್‌ರೂಮಿನ ಬಾಗಿಲು ಬಡಿಯುವುದು. ನಿಜ ಹೇಳಬೇಕೆಂದರೆ ಆಮೇಲೆ ಕ್ಲಬ್ಬಿಗೆ ಹೋಗದಿದ್ದರೂ ನಡೆಯುತ್ತದೆ. ನಮ್ಮ ಕಡೆ ಮದುವೆಗೆ ಹೊರಡುವ ಮುಂಚಿನ ಆ ಗಲಾಟೆ ಇರುತ್ತದಲ್ಲ, ಅದೇ.

ಸಾಮಾನ್ಯವಾಗಿ ಈ ಗಲಾಟೆ ಅಕ್ಸ್‌ಬ್ರಿಡ್ಜಿನಲ್ಲಿ, ನಮ್ಮ ಯೂನಿವರ್ಸಿಟಿ ಪಕ್ಕದ ಮಾಗ್ದಾಳ ರೂಮಿನಲ್ಲಿ ನಡೆಯುತ್ತಿತ್ತು. ಆ ಶನಿವಾರ ಮಾತ್ರ ಕ್ವೀನ್ಸ್‌ಬರಿಯಲ್ಲಿ, ಅಂದರೆ ನಾನು ಬಾಡಿಗೆಗಿರುವ ಮನೆಯಲ್ಲಿ.

ಈ ಮನೆಯ ಒಡತಿ ಮಹಾದೇವಿ ಕಾಕು. ವಿಜಯಪುರದವರು. ಮದುವೆಯಾಗಿ ಬಂದು ಅರ್ಧ ಆಯುಷ್ಯ ಇಲ್ಲೇ ಕಳೆದಿದ್ದಾರೆ, ಆದರೂ ಅವರ ಮಾತು ಕೇಳಿದರೆ ಮೊನ್ನೆ ತಾನೆ ವಿಮಾನ ಇಳಿದಂತಿದೆ. ಮೊದಲ ದಿನ ನಾನು "ಆಂಟೀ" ಅಂದಾಗ, "ಆಂಟಿಗಿಂಟಿ ಏನಿಲ್ಲ, ಕಾಕು ಅನ್ನವ್ವಾ" ಅಂದಿದ್ದರು. ಅವರ ಮಗಳು ಶ್ರೇಯಾ ನಮ್ಮದೇ ಯೂನಿವರ್ಸಿಟಿಯಲ್ಲಿ ಎರಡನೇ ವರ್ಷ. ಅಮ್ಮ ಕನ್ನಡದಲ್ಲಿ ಕೇಳುತ್ತಾರೆ, ಮಗಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಇಬ್ಬರಿಗೂ ಅದರಲ್ಲಿ ವಿಚಿತ್ರ ಅನ್ನಿಸುವುದಿಲ್ಲ.

ಶ್ರೇಯಾಳಿಗೆ ಡೀಜೇ ಆಗುವ ಹುಚ್ಚು. ಮೇಲಿನ ರೂಮಿನಲ್ಲಿ ಎರಡು ಚಕ್ರ, ಹತ್ತಾರು ಗುಂಡಿಗಳಿರುವ ಒಂದು ಮಷೀನು ಇಟ್ಟುಕೊಂಡಿದ್ದಾಳೆ. ಅದು ಕಾಲೇಜಿನ ಪ್ರಾಜೆಕ್ಟು ಅಂತ ಅಮ್ಮನಿಗೆ ಹೇಳಿದ್ದಾಳೆ. (ಅಮ್ಮ ಅದನ್ನು ವಾರಕ್ಕೊಮ್ಮೆ ಬಟ್ಟೆಯಿಂದ ಒರೆಸುತ್ತಾರೆ.) ದಿನಾ ಹೆಡ್‌ಫೋನ್ ಹಾಕಿಕೊಂಡು ಪ್ರಾಕ್ಟೀಸು. ಹಾಗಾಗಿ ಮನೆಯಲ್ಲಿ ಒಂದು ಸದ್ದೂ ಇಲ್ಲ.

ಆ ಶನಿವಾರ ಅವಳಿಗೆ ಮೊದಲ ಚಾನ್ಸು ಸಿಕ್ಕಿತ್ತು. ಲಂಡನ್ ಬ್ರಿಡ್ಜ್ ಹತ್ತಿರ, ರೈಲು ಸೇತುವೆಯ ಕಮಾನಿನ ಕೆಳಗಿರುವ ಒಂದು ಪುಟ್ಟ ಕ್ಲಬ್ಬು. ಸಂಜೆಯ ಮೊಟ್ಟಮೊದಲ ಸ್ಲಾಟು. ಮೊದಲ ಸ್ಲಾಟು ಅಂದರೆ ಏನು ಗೊತ್ತಾ? ಬಾಗಿಲು ಆಗಷ್ಟೇ ತೆರೆದಿರುತ್ತದೆ, ಒಳಗೆ ನರಪಿಳ್ಳೆ ಇರುವುದಿಲ್ಲ. ಬಂದವರು ಗೋಡೆಗೆ ಒರಗಿ ಫೋನು ನೋಡುತ್ತಾರೆ. ಹೊಸಬರಿಗೆ ಕೊಡುವುದು ಇದನ್ನೇ. ಯಾರೂ ಕುಣಿಯದಿದ್ದರೆ ಮತ್ತೆ ಕರೆಯುವುದಿಲ್ಲ. ಕುಣಿಸಿದರೆ ಕರೆಯುತ್ತಾರೆ. ಅಷ್ಟೇ ಪರೀಕ್ಷೆ.

"ಅಮ್ಮನಿಗೆ ಹೇಳಿದ್ಯಾ?" ಅಂತ ಕೇಳಿದೆ.

"ನೋ ವೇ. ಶೀ ವಿಲ್ ಸೇ ನೋ," ಅಂದಳು.

"ಕೇಳಿ ನೋಡು."

"ಕೇಳಿದ್ರೆ ತಾನೇ ನೋ ಅನ್ನೋದು?" ಇದನ್ನೂ ಅವಳು ಇಂಗ್ಲಿಷಿನಲ್ಲೇ ಹೇಳಿದ್ದು. ತರ್ಕ ಮಾತ್ರ ಅಪ್ಪಟ ನಮ್ಮದು.

ಹಾಗಾಗಿ ಒಂದು ಸುಳ್ಳು ತಯಾರಾಯಿತು. ಎಫುವಾಳ ಬರ್ತ್‌ಡೇ, ನಾವು ನಾಲ್ವರೂ ಹೊರಗೆ ಊಟಕ್ಕೆ ಹೋಗುತ್ತೇವೆ. ಎಫುವಾ ಘಾನಾದವಳು, ಅವಳ ಹುಟ್ಟುಹಬ್ಬ ನವೆಂಬರಿನಲ್ಲಿ. ಸಣ್ಣ ಸುಳ್ಳು, ಯಾರಿಗೂ ತೊಂದರೆಯಿಲ್ಲ ಅಂದುಕೊಂಡೆವು.

ನಾಲ್ವರೂ ಮಿರಮಿರ ಮಿಂಚುವ ಬಟ್ಟೆ ತೊಟ್ಟು ಮೆಟ್ಟಿಲಿಳಿದು ಬಂದರೆ, ಕೆಳಗೆ ಹಾಲ್‌ನ ಮಧ್ಯೆ ಮಣೆ. ಮಣೆಯ ಸುತ್ತ ರಂಗೋಲಿ. ಪಕ್ಕದಲ್ಲಿ ಆರತಿ ತಟ್ಟೆ.

"ಹುಟ್ಟಿದ ಹಬ್ಬ ಅಲ್ಲೇನು?" ಅಂದರು ಕಾಕು. "ಆರತಿ ಮಾಡಲಾರದ ಹಂಗ ಕಳಸ್ತೀನೇನು? ಬಾರವ್ವಾ, ಕೂಡು."

ಎಫುವಾ ನನ್ನತ್ತ ನೋಡಿದಳು. ನಾನು ಶ್ರೇಯಾಳತ್ತ ನೋಡಿದೆ. ಶ್ರೇಯಾ ಚಾವಣಿ ನೋಡುತ್ತಿದ್ದಳು. ಕೊನೆಗೆ ಎಫುವಾ ತನ್ನ ಬೆಳ್ಳಿ ಬಣ್ಣದ ಗಿಡ್ಡ ಸ್ಕರ್ಟನ್ನು ಎಳೆದುಕೊಳ್ಳುತ್ತಾ ಮಣೆಯ ಮೇಲೆ ಕೂತಳು. ಕಾಕು ಕುಂಕುಮ ಹಚ್ಚಿದರು, ತಲೆಯ ಮೇಲೆ ಅಕ್ಷತೆ ಹಾಕಿದರು, ಆರತಿ ಬೆಳಗಿದರು, ಬಾಯಿಗೆ ಶೇಂಗಾ ಹೋಳಿಗೆ ತುರುಕಿದರು. ಹುಟ್ಟದ ದಿನ ಹುಟ್ಟಿದ ಎಫುವಾಳ ಕಣ್ಣಲ್ಲಿ ನೀರು. ಹೋಳಿಗೆ ಗಂಟಲಿಗೆ ಸಿಕ್ಕಿದ್ದಕ್ಕೋ ತಪ್ಪಿತಸ್ಥ ಭಾವಕ್ಕೋ ಗೊತ್ತಾಗಲಿಲ್ಲ. ಸೋಫಾದಲ್ಲಿದ್ದ ಅವರ ಗಂಡ ಕಾಕಾ ಕ್ರಿಕೆಟ್ಟಿನಿಂದ ಕಣ್ಣು ತೆಗೆಯದೆ ಚಪ್ಪಾಳೆ ತಟ್ಟಿದರು.

ಮುಗಿಯಿತು ಅಂತ ಬಾಗಿಲ ಕಡೆ ನಡೆದರೆ, "ತಡೀರಿ" ಅಂದರು ಕಾಕು. "ಈ ಇಬ್ಬರೂ ಮೊದಲ ಸಲ ಮನಿಗೆ ಬಂದಾರ. ಬರೀ ಕೈಲೆ ಹ್ಯಾಂಗ ಕಳಸೂದು?" ಎಫುವಾಳಿಗೂ ಪೋಲೆಂಡಿನ ಮಾಗ್ದಾಳಿಗೂ ಒಂದೊಂದು ಖಣ, ಅಂದರೆ ರವಿಕೆ ಬಟ್ಟೆ, ಒಂದೊಂದು ಕಾಯಿ. ಅವರಿಗೆ ಕೊಟ್ಟು ನನಗೆ ಬಿಡಲು ಮನಸ್ಸು ಬರಲಿಲ್ಲವಂತೆ, ನನಗೂ ಒಂದು. ಮಾಗ್ದಾ ಎರಡೂ ಕೈಯೊಡ್ಡಿ ಇಸಕೊಂಡಳು, ಆಮೇಲೆ ಏನು ಮಾಡಬೇಕು ಅಂತ ನನ್ನ ಕಿವಿಯಲ್ಲಿ ಕೇಳಿದಳು. ಸದ್ಯ ಬ್ಯಾಗಿಗೆ ಹಾಕು ಅಂದೆ. ರೂಮಿನಲ್ಲಿ ಇಟ್ಟು ಬರಬಹುದಿತ್ತು ಅಂತ ನೀವು ಕೇಳಬಹುದು. ಕಾಕು ಕೊಟ್ಟಿದ್ದನ್ನು ಕಾಕು ಮನೆಯಲ್ಲೇ, ಅವರ ಕಣ್ಣೆದುರೇ ಬಿಟ್ಟು ಹೋಗಲು ಧೈರ್ಯ ಬೇಕು. ಅವರೋ ನಾವು ಬೀದಿಯ ತಿರುವು ದಾಟುವವರೆಗೂ ಬಾಗಿಲಲ್ಲೇ ನಿಂತು ಕೈಬೀಸುತ್ತಿದ್ದರು.

ನನ್ನ ಬ್ಯಾಗಿನ ಜಿಪ್ಪು ಹಾಕಲು ಬರಲಿಲ್ಲ. ಜುಟ್ಟು ಹೊರಗೆ ಇಣುಕುತ್ತಿತ್ತು. ಹಣೆಗೆ ಕುಂಕುಮ, ಮೈಗೆ ಮಿಂಚು, ಹೆಗಲಿಗೆ ತೆಂಗಿನಕಾಯಿ. ಟ್ಯೂಬಿನಲ್ಲಿ ಎದುರು ಕೂತಿದ್ದ ಒಬ್ಬ ಗುಜರಾತಿ ಅಜ್ಜಿ ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಯಾವ ದೇವಸ್ಥಾನಕ್ಕೆ ಅಂತ ಹಿಂದಿಯಲ್ಲಿ ಕೇಳಿದರು. ನಾವು ನಕ್ಕ ನಗೆಗೆ ಆ ಬೋಗಿಯ ಅರ್ಧ ಜನ ನಕ್ಕರು, ಕಾರಣ ಗೊತ್ತಿಲ್ಲದೆ.

ಈಗ ಮತ್ತೆ ಬೌನ್ಸರ್ ಹತ್ತಿರ ಬನ್ನಿ.

ಶ್ರೇಯಾಳಿಗೆ ತೊಂದರೆಯಾಗಲಿಲ್ಲ. ಮನೆ ಮಗಳಿಗೆ ಯಾರು ಕಾಯಿ ಕೊಡುತ್ತಾರೆ? ಅಮ್ಮನ ಕಣ್ಣು ತಪ್ಪಿಸಲು ನನ್ನ ಬ್ಯಾಗಿನಲ್ಲಿ ಬಚ್ಚಿಟ್ಟಿದ್ದ ಹೆಡ್‌ಫೋನನ್ನು ಕಿತ್ತುಕೊಂಡು, "ಬೇಗ ಒಳಗೆ ಬನ್ನಿ, ಪ್ಲೀಸ್. ಒಳಗೆ ಯಾರೂ ಇಲ್ಲ" ಅಂತ ಅಂಗಲಾಚಿ ಓಡಿದಳು.

ಬೌನ್ಸರ್ ಪಕ್ಕದ ಕಸದ ಡಬ್ಬಿ ತೋರಿಸಿದ. ಇದರಿಂದ ಹೊಡೆದರೆ ಮನುಷ್ಯ ಸಾಯಬಹುದು, ಅದಕ್ಕೇ ಒಳಗೆ ಬಿಡಲ್ಲ, ಎಸೆದು ಬನ್ನಿ ಅಂದ. ಅವನ ಮಾತಿನಲ್ಲಿ ತಪ್ಪೇನಿಲ್ಲ. ನಾನು ಕಾಯಿ ಎತ್ತಿಕೊಂಡು ಡಬ್ಬಿಯವರೆಗೆ ಹೋದೆ.

ಕೈ ಬರಲಿಲ್ಲ.

ಶಕುನ, ರಾಹುಕಾಲ, ದೃಷ್ಟಿನಿವಾಳಿಯ ಬಗ್ಗೆ ಇದೇ ಅಂಕಣದಲ್ಲಿ ಎಷ್ಟು ಗೇಲಿ ಮಾಡಿದ್ದೇನೆ ಅಂತ ನಿಮಗೆ ಗೊತ್ತು. ಆದರೂ ಕುಂಕುಮ ಹಚ್ಚಿ ಕೊಟ್ಟ ಕಾಯನ್ನು ಬಿಯರ್ ಕ್ಯಾನುಗಳ ಮೇಲೆ ಎಸೆಯಲು ಆಗಲಿಲ್ಲ. ಹೋಗಲಿ, ನಾನಂತೂ ಅದರಲ್ಲೇ ಹುಟ್ಟಿ ಬೆಳೆದವಳು. ಮಾಗ್ದಾಳಿಗೇನು? ಅವಳು ಕಾಯನ್ನು ಎದೆಗೊತ್ತಿಕೊಂಡು ನಿಂತುಬಿಟ್ಟಿದ್ದಳು. ಅವರು ಎರಡೂ ಕೈಯಲ್ಲಿ ಕೊಟ್ಟಿದ್ದಾರೆ, ನಾನು ಎಸೆಯಲ್ಲ ಅಂದಳು. ಎಫುವಾಳಂತೂ ನನಗೆ ಆರತಿ ಬೇರೆ ಆಗಿದೆ ಅಂದಳು.

ಒಳಗಿನಿಂದ ದಡ್ ದಡ್ ಅಂತ ಸದ್ದು ಶುರುವಾಯಿತು. ಶ್ರೇಯಾ ಖಾಲಿ ಹಾಲ್‌ನಲ್ಲಿ ಒಬ್ಬಳೇ ನಿಂತು ನುಡಿಸುತ್ತಿದ್ದಾಳೆ. ಅವಳಿಗೋಸ್ಕರ ಬಂದ ನಾವು ಹೊರಗೆ, ಕಾಯಿ ಹಿಡಿದು. ಅಳುವುದೊಂದು ಬಾಕಿ.

ಆಗ ಫೋನು ಬಂತು. ಮಹಾದೇವಿ ಕಾಕು.

"ಮುಟ್ಟಿದ್ರೇನು?"

ತಲುಪಿದಿರಾ ಅಂತ ಹೊರಗೆ ಹೋದ ಹುಡುಗಿಯರಿಗೆ ಕಾಕು ಮಾಡುವ ಖಾಯಂ ಫೋನಿದು. ಲಂಡನ್ನಿಗೆ ಬಂದ ಹೊಸತರಲ್ಲಿ, ಎಲ್ಲಿದ್ದೀಯಾ ಅಂತ ಕೇಳುವವರಿಲ್ಲ ಅಂತ ನಾನು ಹಾರಾಡಿದ್ದೆ. ಒಂದು ತಿಂಗಳು ಕಳೆಯುವಷ್ಟರಲ್ಲಿ ಯಾರಾದರೂ ಕೇಳಬಾರದಾ ಅನ್ನಿಸತೊಡಗಿತ್ತು. ಕಾಕು ಕೇಳುತ್ತಾರೆ. ಆದರೆ ಆ ಹೊತ್ತಿನಲ್ಲಿ ಕೇಳಬಾರದಿತ್ತು.

"ಮುಟ್ಟಿದ್ವಿ ಕಾಕು. ಆದರೆ ಕಾಯಿ ಒಳಗೆ ಬಿಡ್ತಾ ಇಲ್ಲ," ಅಂದುಬಿಟ್ಟೆ. ಗಾಬರಿಯಲ್ಲಿ ನಿಜ ಬಾಯಿಗೆ ಮೊದಲು ಬರುತ್ತದೆ.

"ಹೌದೇನು?" ಅಂದರು. ನನ್ನ ಹಿಂದಿನ ದಡ್ ದಡ್ ಅವರಿಗೂ ಕೇಳುತ್ತಿತ್ತು. "ಶ್ರೇಯಾ ಶುರು ಮಾಡ್ಯಾಳೇನು?"

ಕಾಯಿ ಕಂಕುಳಿಗೆ ಸೇರಿಸಿ ಫೋನನ್ನು ಕಿವಿಗೆ ಒತ್ತಿಕೊಂಡೆ.

"ಕಾಕು, ನಿಮಗೆ... ಗೊತ್ತಾ?"

"ಗೊತ್ತಿರಲಾರದೇನು? ಆ ಹುಡುಗಿ ಮ್ಯಾಲ ಕಾಲಿಲೇ ದಪ್ಪ ದಪ್ಪ ತಾಳ ಹಾಕತಾಳ, ನಾ ಕೆಳಗ ಅದಕ್ಕ ಸರಿಯಾಗಿ ರೊಟ್ಟಿ ಬಡೀತೀನಿ. ಇನ್ನ ಇವತ್ತಿಂದು ವಿಜಯಪುರದಿಂದ ಗೊತ್ತಾತು. ನಮ್ಮ ತಂಗಿ ಮಗಳು ಇನ್‌ಸ್ಟಾಗ್ರಾಮಿನಾಗಿಂದು ಪೋಸ್ಟರ್ ತಗದು ಮನಿ ಗ್ರೂಪಿಗೆ ಹಾಕ್ಯಾಳ. ಇಡೀ ಊರಿಗೆ ಗೊತ್ತೈತಿ."

ಲಂಡನ್ನಿನ ಒಂದೇ ಮನೆಯ ಮೇಲಂತಸ್ತಿನ ಸುದ್ದಿ ಕೆಳಗಿನ ಅಡುಗೆಮನೆ ತಲುಪಲು ವಿಜಯಪುರ ಸುತ್ತಿ ಬಂದಿತ್ತು!

"ಮತ್ತೆ ಎಫುವಾಳಿಗೆ ಆರತಿ..."

"ಆಕಿಗೆ ಮಾಡ್ತೀನಿ ಅಂದ್ರ ಶ್ರೇಯಾ ಕೂಡ್ತಿದ್ದಳೇನು? ಮೊದಲ ಸಲ ಮಂದಿ ಮುಂದ ನಿಂದರಾಕ ಹೊಂಟಾಳ, ಆರತಿ ಮಾಡಲಾರದ ಹ್ಯಾಂಗ ಬಿಡ್ಲಿ? ಅದಕ್ಕ ಆಕಿ ಗೆಳತಿನ್ನ ಕೂಡಿಸಿ ಮಾಡಿದ್ನಿ. ಇರ್ಲಿ ಬಿಡು. ಕಾಯಿ ಒಳಗ ಬಿಡಂಗಿಲ್ಲಂದ್ರ ಅಲ್ಲೇ ಒಡದು ಹಂಚ್ರಿ. ಛಲೋ ಕೆಲಸ ಅದು. ಮತ್ತ ಫೋನ್ ಇಡಬ್ಯಾಡ, ಹಂಗ ಹಿಡಕೋ. ನಾನೂ ಕೇಳ್ತೀನಿ."

ನಾನು ವಿಷಯ ಹೇಳಿದ್ದೇ ತಡ, ಮಾಗ್ದಾ ಕಾಯನ್ನು ತಲೆಯ ಮೇಲಕ್ಕೆತ್ತಿ ಕಮಾನಿನ ಕಲ್ಲಿನ ಅಂಚಿಗೆ ಅಪ್ಪಳಿಸಿದಳು. ಒಂದೇ ಏಟಿಗೆ ಎರಡು ಹೋಳು. (ಪೋಲೆಂಡಿನಲ್ಲಿ ಅವಳು ಶಾಟ್‌ಪುಟ್ ಎಸೆಯುತ್ತಿದ್ದಳು. ಇಷ್ಟು ದಿನ ಅದರಿಂದ ಏನುಪಯೋಗ ಅಂತ ನಮಗೆ ಗೊತ್ತಿರಲಿಲ್ಲ.) ಎಳನೀರಿನಂಥ ತಂಪು ನೀರು ನಮ್ಮ ಹೀಲ್ಸಿನ ಮೇಲೆ ಚಿಮ್ಮಿತು. ಕ್ಯೂನಲ್ಲಿದ್ದವರು ಹೋ ಅಂದರು. ಎರಡನೇದನ್ನು ನಾನು ಒಡೆದೆ, ಮೂರನೇದನ್ನು ಎಫುವಾ. ಏನಿದು ಅಂತ ಕೇಳಿದವರಿಗೆಲ್ಲ ಒಂದೇ ಮಾತು ಹೇಳಿದೆವು. ಒಳಗೆ ನಮ್ಮ ಗೆಳತಿ ಮೊದಲ ಸಲ ನುಡಿಸುತ್ತಿದ್ದಾಳೆ, ಅವಳ ಅಮ್ಮ ಕಾಯಿ ಕಳಿಸಿದ್ದಾರೆ, ತಗೊಳ್ಳಿ.

ನೋಡಿ, ಬೌನ್ಸರ್‌ನ 'ವೈ'ಗೆ ಉತ್ತರ ಇಷ್ಟೇ ಇತ್ತು. ನನಗೇ ಹೊಳೆದಿರಲಿಲ್ಲ.

ಜನ ಚೂರು ಇಸಕೊಂಡರು. ಕೆಲವರು ಮೂಸಿ ನೋಡಿದರು, ಒಬ್ಬ ಚಿಪ್ಪು ಸಮೇತ ಕಚ್ಚಲು ನೋಡಿದ. ಬೌನ್ಸರ್ ಮಾತ್ರ ಬಗ್ಗಲಿಲ್ಲ. ಚಿಪ್ಪಿನ ಒಂದೊಂದು ಚೂರನ್ನೂ ನಮ್ಮ ಕೈಯಲ್ಲೇ ಆರಿಸಿ ಎತ್ತಿಸಿದ. ಎತ್ತಿದ ಮೇಲೆ, ಬೇರೆ ಕಡೆ ನೋಡುತ್ತಾ ಅಂಗೈ ಚಾಚಿದ. ದೊಡ್ಡ ಚೂರನ್ನೇ ಕೊಟ್ಟೆ.

ಒಳಗೆ ಹೋದಾಗ ನಾವು ಮೂವರೇ ಇರಲಿಲ್ಲ. ಕಾಯಿ ತಿಂದವರೆಲ್ಲ ಜತೆಗಿದ್ದರು. ಕೈಯಲ್ಲಿ ಕಾಯಿ ಚೂರು ಹಿಡಿದು, ಈಗಾಗಲೇ ಪರಿಚಯದವರಾಗಿ, ನೇರ ನಡು ಫ್ಲೋರಿಗೆ ನುಗ್ಗಿದರು. ಗೋಡೆಗೆ ಒರಗಲು ಯಾರಿಗೂ ನೆನಪಾಗಲಿಲ್ಲ. ಶ್ರೇಯಾ ತಲೆಯೆತ್ತಿ ನೋಡಿದಳು. ಖಾಲಿಯಿದ್ದ ಜಾಗದಲ್ಲಿ ಜನ! ಅವಳ ಭುಜ ಸಡಿಲವಾದದ್ದು ನನಗೆ ದೂರದಿಂದಲೇ ಕಾಣಿಸಿತು. ಆಮೇಲೆ ಅವಳು ಬಾಸ್‌ನ ದಪ್ಪ ಸದ್ದು ಬಿಟ್ಟಳು ನೋಡಿ, ನೆಲ ನಡುಗಿತು, ಮೇಲೆ ಹಾದುಹೋದ ರೈಲು ಕೂಡ ಅವಳ ತಾಳಕ್ಕೇ ಹೋದಂತಿತ್ತು. ನಡುನಡುವೆ ಡೊಳ್ಳಿನ ಸದ್ದು ಬೆರೆಸಿದ್ದಳು ಹುಡುಗಿ, ನನಗೆ ಹೇಳಿರಲೇ ಇಲ್ಲ. ನಾನು ಹುಚ್ಚಿಯಂತೆ ಕುಣಿದೆ. ಒಂದು ಕೈ ಮಾತ್ರ ಮೇಲಕ್ಕೆತ್ತಿಯೇ ಇಟ್ಟಿದ್ದೆ. ಆ ಕೈಯಲ್ಲಿ ಫೋನು, ಫೋನಿನಲ್ಲಿ ಕಾಕು. ಅಂಥ ಖುಷಿಯನ್ನು ನಾನು ಈ ಊರಿನಲ್ಲಿ ಇನ್ನೊಮ್ಮೆ ಕಂಡಿಲ್ಲ.

ಅವಳ ಸರದಿ ಮುಗಿದಾಗ ಹಾಲ್ ತುಂಬಿತ್ತು. ಕ್ಲಬ್ಬಿನ ಮ್ಯಾನೇಜರ್ ಬಂದು, ಮುಂದಿನ ತಿಂಗಳು ಬರ್ತೀಯಾ ಅಂತ ಕೇಳಿ ಹೋದ. ಶ್ರೇಯಾ ಬೆವೆತು ತೊಪ್ಪೆಯಾಗಿ ಓಡಿಬಂದು ನನ್ನನ್ನು ತಬ್ಬಿಕೊಂಡಳು. ನಾನು ಫೋನನ್ನು ಅವಳ ಮುಂದೆ ಹಿಡಿದೆ. ಪರದೆಯ ಮೇಲೆ 'ಮಹಾದೇವಿ ಕಾಕು' ಅಂತಿತ್ತು.

ನಾವು ಅವಳನ್ನು ಹೊರಗೆ ಕರೆದುಕೊಂಡು ಬಂದೆವು. ಇನ್ನೂ ಆಕಾಶದಲ್ಲಿ ಸ್ವಲ್ಪ ಬೆಳಕಿತ್ತು. ಸ್ಪೀಕರ್ ಹಾಕಿದೆ.

"ಮಮ್? ಯಾವಾಗಿಂದ ಫೋನಿನಲ್ಲಿದ್ದೀ?" ಅಂತ ಇಂಗ್ಲಿಷಿನಲ್ಲಿ ಕೇಳಿದಳು.

"ಮೊದಲಿಂದ. ಭಾಳ ಛಂದ ಆತು. ನಡುವ ಒಂದ ಕಡೆ ಅವಸರ ಮಾಡಿದಿ."

ಆ ಅವಸರದ ಜಾಗ ಶ್ರೇಯಾಳಿಗೂ ಗೊತ್ತಿತ್ತು.

"ಯೂ ನ್ಯೂ? ಗೊತ್ತಿದ್ರೆ ಯಾಕೆ ಹೇಳಲಿಲ್ಲ?"

"ನೀ ಯಾಕ ಹೇಳಲಿಲ್ಲ?"

"ಬೇಡ ಅಂತೀಯಾ ಅಂತ."

"ಅನ್ನೂತನಕಾರ ತಡೀಬೇಕಿತ್ತಿಲ್ಲ?" ಕಾಕು ಸಿಟ್ಟು ಮಾಡಿರಲಿಲ್ಲ. ದನಿ ಮಾತ್ರ ಸಣ್ಣದಾಗಿತ್ತು. "ಪೋಸ್ಟರ್ ಬಂದ ದಿನದಿಂದ ನಿಮ್ಮಪ್ಪಗ ಹೇಳಾಕತ್ತಿದ್ನಿ, ಇವತ್ತ ಕರೀತಾಳ, ನಾಳೆ ಕರೀತಾಳ ಅಂತ. ನೀಲಿ ಇಳಕಲ್ ಸೀರಿ ಇಸ್ತ್ರಿ ಮಾಡಿ ಇಟ್ಟೀನಿ. ಇಷ್ಟ ವರ್ಷ ಆತು ಈ ಊರಿಗೆ ಬಂದು, ಸಂಜೀ ಮುಂದ ಲಂಡನ್ ಹ್ಯಾಂಗ ಕಾಣತದ ನನಗ ಗೊತ್ತಿಲ್ಲ. ನೀವು ನಾಕೂ ಮಂದಿ ನನ್ನ ಮುಂದನ ಹೊಂಟ್ರಿ. ಒಬ್ಬರರ ಕೇಳಿದ್ರೇನು?"

ಶ್ರೇಯಾ ಅಳುತ್ತಿದ್ದಳು. ನಾನೂ. ನಾಚಿಕೆಯಾಯಿತು, ಮುಚ್ಚಿಡುವುದೇಕೆ? ಒಂಬತ್ತು ತಿಂಗಳಿಂದ ಅವರ ಕೈಯೂಟ ಉಂಡು, ಪ್ರತಿ ಶನಿವಾರ ಅವರ ಎದುರೇ ಲಿಪ್‌ಸ್ಟಿಕ್ ಹಚ್ಚಿಕೊಂಡು ಹೊರಟವಳು ನಾನು. ಅವರು ಬಾಗಿಲಲ್ಲಿ ನಿಂತು ಕೈಬೀಸುವುದನ್ನು ನೋಡಿ ಎಷ್ಟು ಒಳ್ಳೆಯವರು ಅಂದುಕೊಂಡಿದ್ದೆನೇ ಹೊರತು, ಅವರಿಗೂ ಚಪ್ಪಲಿ ಮೆಟ್ಟಿಕೊಂಡು ಹೊರಡುವ ಆಸೆ ಇರಬಹುದು ಅಂತ ನನಗೆ ಹೊಳೆದೇ ಇರಲಿಲ್ಲ.

ಮುಂದಿನ ತಿಂಗಳ ಶೋಗೆ ನಾವು ಐದು ಜನ. ಕಾಕು ಆಗಲೇ ಮೂರು ಪ್ರಶ್ನೆ ಕೇಳಿದ್ದಾರೆ. ಅಲ್ಲಿ ಕೂಡಲು ಕುರ್ಚಿ ಇರುತ್ತದಾ, ಚಹಾ ಸಿಗುತ್ತದಾ, ಕುಣಿಯದೆ ನಿಂತರೆ ಹೊರಗೆ ಹಾಕುತ್ತಾರಾ. ಮೊದಲೆರಡಕ್ಕೆ ಇಲ್ಲ ಅಂದೆ. ಮೂರನೇದಕ್ಕೆ ಹೌದು ಅಂತ ಬೇಕಂತಲೇ ಹೇಳಿದ್ದೇನೆ.

ನೀವು ಈ ಪುಟ ತಿರುಗಿಸುವ ಮುಂಚೆ ನಿಮ್ಮನ್ನೂ ಒಂದು ಮಾತು ಕೇಳಿಬಿಡುತ್ತೇನೆ: ಬೇಡ ಅಂತಾಳೆ ಅಂತ ನೀವೇ ತೀರ್ಮಾನಿಸಿಕೊಂಡಿರುವ ನಿಮ್ಮ ಅಮ್ಮನಿಗೆ, ಬರ್ತೀಯಾ ಅಂತ ಒಮ್ಮೆಯಾದರೂ ಕೇಳಿದ್ದೀರಾ?